ಟ್ರಂಕಿನಲ್ಲಿರುವುದು ಮುಂದೆ ಯಾರ ಪಾಲಿಗೆ?

ಹೊಲಕ್ಕೆ ಉತಾರ ಇರುತ್ತದೆ, ಮನೆಗೆ ಸಿಟಿ ಸರ್ವೆ ದಾಖಲೆ ಇರುತ್ತದೆ, ಬ್ಯಾಂಕಿನ ಠೇವಣಿಗೆ ನಾಮಿನಿ ಇರುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳೆಯ ಮನೆಗಳಲ್ಲಿ ಒಂದು ಚೀಟಿಯ ಆಧಾರವೂ ಇಲ್ಲದೆ ಉಳಿದಿರುವ ಆಸ್ತಿಯೆಂದರೆ ಅಟ್ಟದ ಮೇಲಿನ ಸಂಗ್ರಹ. ಬಟ್ಟೆಯಲ್ಲಿ ಸುತ್ತಿದ ಓಲೆಗರಿ ಕಟ್ಟು, ಡಬ್ಬಿಯೊಳಗಿನ ನಾಣ್ಯ, ಕಪಾಟು ತುಂಬ ಪುಸ್ತಕ, ಅಜ್ಜಿಯ ಇಳಕಲ್ ಸೀರೆ, ಗ್ರಾಮಫೋನ್ ತಟ್ಟೆ. ಕೂಡಿಸಿಟ್ಟವರು ತೀರಿಕೊಂಡ ಮೇಲೆ ಮಕ್ಕಳು ಬಂದು ಹೇಳುವುದು ಬಹುತೇಕ ಒಂದೇ ಮಾತು: “ಅಪ್ಪಾರು ಬಾಳ ಕೂಡಿಸಿಟ್ಟಾರ್ರೀ, ಏನೇನ ಅದಾವ ನಮಗ ಗೊತ್ತಿಲ್ಲ.” ಸಂಗ್ರಹ ಹಾಳಾಗುವುದು ಈ ಗೊತ್ತಿಲ್ಲದಿರುವಿಕೆಯಿಂದ. ತೆಗೆದುಕೊಳ್ಳುವವರು ಇರುತ್ತಾರೆ, ಏನಿದೆ ಎಂದು ಅವರಿಗೆ ಹೇಳಬಲ್ಲವರು ಇರುವುದಿಲ್ಲ.

ಆದಿಲ್‌ಶಾಹಿ ಕಾಲದ ಲಾರಿನ್ ನಾಣ್ಯವನ್ನೇ ನೋಡಿ. ಅದು ದುಂಡಗಿರುವುದಿಲ್ಲ. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ತಟ್ಟಿ, ಮೇಲೆ ಅರಬಿ ಅಕ್ಷರದ ಅಚ್ಚು ಒತ್ತಿರುತ್ತಾರೆ. ತಂತಿಗಿಂತ ಅಚ್ಚು ಅಗಲವಾದ್ದರಿಂದ ಅಕ್ಷರಗಳ ಒಂದು ತುಣುಕಷ್ಟೇ ಮೂಡಿರುತ್ತದೆ. ತೂಕ ಐದು ಗ್ರಾಮಿನೊಳಗೆ; ನೋಡಲು ಕೂದಲಿಗೆ ಸಿಕ್ಕಿಸುವ ಪಿನ್ನಿನಂತೆ. ಎರಡನೇ ಅಲಿ ಆದಿಲ್‌ಶಾಹನ ಕಾಲದಲ್ಲಿ ವಿಜಯಪುರದ ಆಳ್ವಿಕೆಯಲ್ಲಿ ಚಲಾವಣೆಯಲ್ಲಿದ್ದ ಹಣ ಇದು ಎಂದು ಸಂಗ್ರಹಿಸಿದವರಿಗೆ ಗೊತ್ತು. ಸೊಸೆಗೆ ಅದು ಮುರಿದ ಆಭರಣದ ತುಂಡು. ಅಕ್ಕಸಾಲಿಗರ ತಕ್ಕಡಿಯಲ್ಲಿ ಬೆಳ್ಳಿಯ ದರ ಸಿಗುತ್ತದೆ, ಸಂಜೆಯೊಳಗೆ ಮೂಸೆಗೆ ಹೋಗುತ್ತದೆ. ಲಕೋಟೆಯ ಮೇಲೆ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಹಾಗಾಗಿ ಮೊದಲ ಕೆಲಸ ಪಟ್ಟಿ. ವಕೀಲರ ಬಳಿ ಹೋಗುವುದು ಆಮೇಲೆ. ಉದ್ದನೆಯ ಗಟ್ಟಿ ರಟ್ಟಿನ ರಜಿಸ್ಟರ್ ತಂದು ಎಡದಿಂದ ಬಲಕ್ಕೆ ಕ್ರಮಸಂಖ್ಯೆ, ವಸ್ತುವಿನ ವಿವರ, ಅಳತೆ ಅಥವಾ ತೂಕ, ಎಲ್ಲಿಂದ ಯಾವಾಗ ಬಂತು, ಈಗಿನ ಸ್ಥಿತಿ, ಎಲ್ಲಿ ಇಟ್ಟಿದೆ, ಫೋಟೋ ಸಂಖ್ಯೆ, ಯಾರಿಗೆ ಸೇರಬೇಕು ಎಂದು ಅಂಕಣ ಎಳೆಯಿರಿ. ‘ಎಲ್ಲಿಂದ ಬಂತು’ ಎಂಬ ಅಂಕಣವನ್ನು ಎಲ್ಲರೂ ಖಾಲಿ ಬಿಡುತ್ತಾರೆ. ಸಂಶೋಧಕರಿಗೆ ಬೇಕಾಗಿರುವುದು ಅದೇ. ಯಾವ ಊರಿನ ಯಾವ ಮನೆತನದ್ದು ಎಂದು ಗೊತ್ತಿಲ್ಲದ ಓಲೆಕಟ್ಟಿನ ಅರ್ಧ ಚರಿತ್ರೆ ಹೋದ ಹಾಗೆ. ದಿನಕ್ಕೆ ಇಪ್ಪತ್ತು ವಸ್ತು ಬರೆದರೆ ಸಾವಿರ ಪುಸ್ತಕ ಎರಡು ತಿಂಗಳೊಳಗೆ ಮುಗಿಯುತ್ತದೆ. ಎಲ್ಲವನ್ನೂ ಒಂದೇ ವಿವರದಲ್ಲಿ ಬರೆಯಬೇಕಿಲ್ಲ. ಎಲ್ಲ ಕಡೆ ಸಿಗುವ ಕಾದಂಬರಿ, ಪಠ್ಯಪುಸ್ತಕಗಳನ್ನು ಕಪಾಟಿನ ಲೆಕ್ಕದಲ್ಲಿ ಬರೆದರೆ ಸಾಕು.

ಬಿಡಿಬಿಡಿಯಾಗಿ ಬರೆಯಬೇಕಾದವು ಬೇರೆ, ಮನೆಯವರು ಮೊದಲು ರದ್ದಿಗೆ ಹಾಕುವುದೂ ಅವನ್ನೇ: ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಮಠದ ಜಾತ್ರೆಯ ಕರಪತ್ರ, ಊರಿನ ಸಣ್ಣ ಮುದ್ರಣಾಲಯದ ತೆಳುವಾದ ಪುಸ್ತಿಕೆ, ಏಕೀಕರಣ ಕಾಲದ ಕರೆಪತ್ರ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳು. ಮುಂಬಯಿ ಪ್ರಾಂತದಲ್ಲಿದ್ದ ಈ ಜಿಲ್ಲೆಗಳ ಗೌಡಕಿ, ಕುಲಕರ್ಣಿ ಮನೆಗಳಲ್ಲಿ ಮೋಡಿಯ ಲೆಕ್ಕಪತ್ರಗಳು ಇನ್ನೂ ಇವೆ. ಓದಲು ಬಾರದ್ದರಿಂದ ಅವು ಕೆಲಸಕ್ಕೆ ಬಾರದ ಕಾಗದವೆನಿಸಿವೆ. ಓದಲು ಬರದಿದ್ದರೂ ಕಟ್ಟಿಗೊಂದು ಸಂಖ್ಯೆ ಕೊಟ್ಟು ‘ಮೋಡಿ ಕಾಗದ, ಇಷ್ಟು ಹಾಳೆ’ ಎಂದು ಬರೆದಿಡಿ. ವಚನ ಸಂಶೋಧಕ ಫ.ಗು. ಹಳಕಟ್ಟಿಯವರು 1926ರಲ್ಲಿ ಶುರುಮಾಡಿದ ‘ಶಿವಾನುಭವ’ದಂಥ ಪತ್ರಿಕೆಯ ಹಳೆಯ ಸಂಚಿಕೆಗಳಿದ್ದರೆ ಯಾವ ಸಂಪುಟದ ಎಷ್ಟನೆಯ ಸಂಚಿಕೆ ಎಂದು ಸೇರಿಸಿ, ಗ್ರಂಥಾಲಯಗಳು ಹುಡುಕುವುದು ತಮ್ಮಲ್ಲಿಲ್ಲದ ಆ ಒಂದು ಸಂಚಿಕೆಗಾಗಿ.

ಪುಸ್ತಕಕ್ಕೆ ಸಂಖ್ಯೆಯನ್ನು ಮುಖಪುಟದ ಒಳಹಾಳೆಯ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ಲಿನಿಂದ ಬರೆಯಿರಿ. ಬಾಲ್‌ಪೆನ್ನು, ಸ್ಟಿಕ್ಕರು, ಸೆಲೋಟೇಪು ಬೇಡ. ಟೇಪಿನ ಅಂಟು ಕೆಲವು ವರ್ಷಗಳಲ್ಲಿ ಕಂದು ಕಲೆಯಾಗಿ ಹಾಳೆಯೊಳಗೆ ಇಳಿಯುತ್ತದೆ, ತೆಗೆಯಲು ಬಾರದು. ನಾಣ್ಯದ ಮೇಲೆ ಏನೂ ಬರೆಯಬಾರದು. ಒಂದೊಂದನ್ನೂ ಕಾಗದದ ಸಣ್ಣ ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಸಂಖ್ಯೆ, ತೂಕ, ವ್ಯಾಸ ಬರೆಯಬೇಕು. ಪೇಟೆಯಲ್ಲಿ ಸಿಗುವ ಮೆತ್ತನೆಯ ಪಿವಿಸಿ ಆಲ್ಬಮ್ಮಿನಲ್ಲಿಟ್ಟರೆ ಪ್ಲಾಸ್ಟಿಕ್ಕಿನಿಂದ ಆಮ್ಲ ಹೊರಬಂದು ತಾಮ್ರದ ನಾಣ್ಯಕ್ಕೆ ಹಸಿರು ಜಿಗುಟು ಹಿಡಿಯುತ್ತದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಬರಿಸಿದ ನಾಣ್ಯದ ಬೆಲೆ ಹೆಚ್ಚುವುದಿಲ್ಲ, ಇಳಿಯುತ್ತದೆ. 78 ಆರ್‌ಪಿಎಂ ತಟ್ಟೆಗಳನ್ನು ನಿಲ್ಲಿಸಿಡಿ, ಸ್ಪಿರಿಟ್ಟಿನಿಂದ ಒರೆಸಬೇಡಿ. ಅವುಗಳ ಅರಗು ಸ್ಪಿರಿಟ್ಟಿಗೆ ಕರಗುತ್ತದೆ. ಇಳಕಲ್ ಸೀರೆಯ ಮಡಿಕೆಯನ್ನು ಕೆಲವು ತಿಂಗಳಿಗೊಮ್ಮೆ ಬದಲಿಸದಿದ್ದರೆ ರೇಷ್ಮೆಯ ಸೆರಗು ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಓಲೆಗರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಹಳಕಟ್ಟಿಯವರು ಹುಡುಕಿ ಅಚ್ಚಿಗೆ ತಂದ ವಚನಗಳು ಉಳಿದಿದ್ದು ಮನೆ, ಮಠಗಳ ಇಂಥ ಕಟ್ಟುಗಳಲ್ಲಿಯೇ. ಕಟ್ಟು ಬಿಚ್ಚುವ ಮೊದಲೇ ಹಲಗೆ, ದಾರ, ಬಟ್ಟೆ ಎಲ್ಲ ಕಾಣುವಂತೆ ಒಂದು ಫೋಟೋ ತೆಗೆಯಿರಿ. ಆಮೇಲೆ ಗರಿಯ ಎಡ ಅಂಚಿನಲ್ಲಿರುವ ಕನ್ನಡ ಅಂಕಿ ನೋಡಿ ಅನುಕ್ರಮ ಬರೆದುಕೊಳ್ಳಿ. ದಾರ ಕತ್ತರಿಸಿ ಗರಿ ಕಲೆತುಹೋದರೆ ಮತ್ತೆ ಜೋಡಿಸಲು ಪರಿಣತರಿಗೂ ವಾರಗಟ್ಟಲೆ ಹಿಡಿಯುತ್ತದೆ. ಮುರಿದಿರುವುದು ಸಾಮಾನ್ಯವಾಗಿ ಮೊದಲ ಮತ್ತು ಕೊನೆಯ ಗರಿ. ದುರ್ದೈವವೆಂದರೆ ಬರೆದವರ ಹೆಸರು, ಊರು, ಶಕವರ್ಷ, ಸಂವತ್ಸರ ಇರುವುದು ಆ ಕೊನೆಯ ಗರಿಯಲ್ಲೇ. ಚೂರಾಗಿದ್ದರೂ ಆ ಚೂರುಗಳನ್ನು ಲಕೋಟೆಯಲ್ಲಿ ಹಾಕಿ ಅದೇ ಕಟ್ಟಿನೊಂದಿಗೆ ಇಡಿ. ಗರಿಗೆ ಕಾಡಿಗೆ ಸವರಿ ಅಕ್ಷರ ಕಾಣಿಸುವುದು, ಸಿಟ್ರೊನೆಲ್ಲಾ ಎಣ್ಣೆ ಹಚ್ಚಿ ಮೆತ್ತಗೆ ಮಾಡುವುದು ತಿಳಿದವರ ಕೆಲಸ. ಮನೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಪೂಜೆಯಲ್ಲಿ ಇಡುವ ಕಟ್ಟಾದರೆ ವಿಭೂತಿ, ಕುಂಕುಮವನ್ನು ಮೇಲಿನ ಬಟ್ಟೆಗೆ ಹಚ್ಚಿ, ಗರಿಗೆ ಬೇಡ.

ಪಟ್ಟಿ ಕೈಯಲ್ಲಿದ್ದ ಮೇಲೆ ಯಾರಿಗೆ ಏನು ಎಂಬುದು ತಾನಾಗಿ ಬೇರ್ಪಡುತ್ತದೆ. ಮನೆಯಲ್ಲೇ ಉಳಿಯಬೇಕಾದದ್ದು, ಸಂಸ್ಥೆಗೆ ಹೋಗಬೇಕಾದದ್ದು, ಮಾರಬಹುದಾದದ್ದು. ಎಲ್ಲವನ್ನೂ ಒಂದೇ ಸಂಸ್ಥೆಗೆ ಕೊಡುವ ಆಸೆ ಬಿಡುವುದು ಒಳ್ಳೆಯದು. ಹಸ್ತಪ್ರತಿ, ವಚನ ಸಾಹಿತ್ಯಕ್ಕೆ ವಿಜಯಪುರದ ಡಾ. ಫ.ಗು. ಹಳಕಟ್ಟಿ ಸಂಶೋಧನ ಕೇಂದ್ರವಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಇವೆ. ಶಿಲ್ಪ, ಆಯುಧಗಳ ಬಗ್ಗೆ ಗೋಳಗುಮ್ಮಟದ ಆವರಣದ ವಸ್ತುಸಂಗ್ರಹಾಲಯ ಅಥವಾ ಕಿತ್ತೂರಿನ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಬಹುದು. ಕಾದಂಬರಿ, ಮಕ್ಕಳ ಪುಸ್ತಕಗಳು ಊರಿನ ಶಾಲೆಗೆ, ಪಂಚಾಯಿತಿ ಗ್ರಂಥಾಲಯಕ್ಕೆ ಹೋದರೆ ಓದುವವರ ಕೈ ಸೇರುತ್ತವೆ.

ಸಂಸ್ಥೆಗೆ ಮೊದಲು ಪಟ್ಟಿ ಕಳಿಸಿ, ಪುಸ್ತಕವನ್ನಲ್ಲ. ಹೇಳದೆ ಕೇಳದೆ ಟೆಂಪೋ ತುಂಬಿಸಿ ಕಳಿಸಿದ ಪುಸ್ತಕಗಳು ಚೀಲದಲ್ಲೇ ವರ್ಷಗಟ್ಟಲೆ ಕೂರುತ್ತವೆ, ಒರಲಿ ಹಿಡಿಯುವುದು ಅಲ್ಲೇ. ತಮ್ಮಲ್ಲಿ ಆಗಲೇ ಇರುವ ಪ್ರತಿಗಳನ್ನು ಏನು ಮಾಡುತ್ತಾರೆ, ಸೂಚಿಗೆ ಸೇರಿಸಲು ಎಷ್ಟು ಕಾಲ ಬೇಕು, ಹೊರಗಿನವರು ನೋಡಬಹುದೇ, ಸಂಸ್ಥೆ ಮುಚ್ಚಿದರೆ ವಸ್ತು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಅಪ್ಪನ ಹೆಸರಿನಲ್ಲಿ ಪ್ರತ್ಯೇಕ ಕೋಣೆ, ಫಲಕ ಬೇಕು ಎಂಬ ಹಟದಿಂದಲೇ ಎಷ್ಟೋ ಒಳ್ಳೆಯ ಸಂಗ್ರಹಗಳ ಮಾತು ಮುರಿದುಬೀಳುತ್ತದೆ. ಜಾಗ ಯಾರಲ್ಲೂ ಇಲ್ಲ. ಪ್ರತಿ ಪುಸ್ತಕದಲ್ಲಿ ದಾನಿಯ ಹೆಸರಿನ ಮುದ್ರೆ ಮತ್ತು ಸೂಚಿಯಲ್ಲಿ ಹೆಸರು ಕೇಳಿ. ಪುಸ್ತಕ ತೆರೆದವರೆಲ್ಲರ ಕಣ್ಣಿಗೆ ಅದು ಬೀಳುತ್ತದೆ. ಮೂಲ ಹಸ್ತಪ್ರತಿ ಮನೆ ಬಿಟ್ಟು ಹೋಗುವುದು ಒಪ್ಪಿಗೆಯಾಗದಿದ್ದರೆ ಅದನ್ನು ಡಿಜಿಟಲ್ ಪ್ರತಿ ಮಾಡಿಸಿ ವಾಪಸು ಪಡೆಯುವ ದಾರಿಯನ್ನು ಸಂಸ್ಥೆಯೊಂದಿಗೆ ಮಾತಾಡಬಹುದು. ಕೇಂದ್ರ ಸರ್ಕಾರದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಿಂದ ಹಸ್ತಪ್ರತಿಗಳ ದಾಖಲೆ ಮಾಡುತ್ತ ಬಂತು. 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೆಸರಿನಲ್ಲಿ ಹೊಸ ಯೋಜನೆ ಪ್ರಕಟವಾಯಿತು.

ನಮ್ಮ ಖಚಿತ ಸಲಹೆ: ಸಂಸ್ಥೆಗೆ ಕೊಡುವುದನ್ನು ಬದುಕಿರುವಾಗಲೇ ಕೊಡಿ. ಚರ ವಸ್ತುವಿನ ದಾನ ಕೈಯಿಂದ ಕೈಗೆ ಒಪ್ಪಿಸಿದರೆ ಸಾಕು, ಪೂರ್ಣವಾಗುತ್ತದೆ; ನೋಂದಾಯಿತ ಬಕ್ಷೀಸ ಪತ್ರ ಕಡ್ಡಾಯವಲ್ಲ. ಎರಡು ಪ್ರತಿ ಪತ್ರ, ಜೊತೆಗೆ ಪಟ್ಟಿ, ಸಂಸ್ಥೆಯವರ ಸಹಿ ಮತ್ತು ಸಿಕ್ಕಾ ಇದ್ದರೆ ಮುಂದೆ ತಕರಾರಿಲ್ಲ. ಕೊಟ್ಟವರೇ ಎದುರಿಗಿದ್ದಾಗ “ಈ ಕಟ್ಟು ಎಲ್ಲಿಯದು?” ಎಂಬ ಪ್ರಶ್ನೆಗೆ ಉತ್ತರವೂ ಸಿಗುತ್ತದೆ.

ಉಳಿದದ್ದು ಮೃತ್ಯುಪತ್ರಕ್ಕೆ, ಅಂದರೆ ಉಯಿಲಿಗೆ. ಬಾಂಡ್ ಪೇಪರ್ ಬೇಕೆಂಬುದು ತಪ್ಪು ತಿಳಿವಳಿಕೆ, ಬಿಳಿ ಹಾಳೆ ಸಾಕು. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 63ನೇ ಕಲಮಿನಂತೆ ಬರೆದವರ ಸಹಿ ಮತ್ತು ಅವರ ಎದುರಿಗೆ ಇಬ್ಬರು ಸಾಕ್ಷಿದಾರರ ಸಹಿ ಬೇಕು. ಸಾಕ್ಷಿದಾರರು ನಿಮಗಿಂತ ಚಿಕ್ಕವರಿರಲಿ, ಪಾಲು ಪಡೆಯುವವರು ಆಗದಿರಲಿ. ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಐಚ್ಛಿಕ, ಆದರೆ ಅಣ್ಣತಮ್ಮಂದಿರ ನಡುವೆ ವಾಟ್ನಿಯ (ಆಸ್ತಿ ಪಾಲಿನ) ಜಗಳವಿರುವ ಮನೆಯಲ್ಲಿ ಮಾಡಿಸಿಯೇ ಬಿಡಿ. ಪಿತ್ರಾರ್ಜಿತ ವಸ್ತುವಾದರೆ ನಿಮ್ಮ ಪಾಲಿನಷ್ಟನ್ನೇ ಬರೆಯಬಹುದು. ಮುಸ್ಲಿಂ ಕುಟುಂಬಗಳಲ್ಲಿ, ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದು ಭಾಗವನ್ನಷ್ಟೇ ವಾರಸುದಾರರ ಒಪ್ಪಿಗೆಯಿಲ್ಲದೆ ಹೊರಗಿನವರಿಗೆ ಬರೆಯಲು ಬರುತ್ತದೆ. ಮನೆಯ ಫಾರ್ಸಿ, ಉರ್ದು ಹಸ್ತಪ್ರತಿಗಳನ್ನೆಲ್ಲ ಸಂಸ್ಥೆಗೆ ಕೊಡುವ ಮನಸ್ಸಿರುವ ವಿಜಯಪುರದ ಹಿರಿಯರು ಇದನ್ನು ಗಮನದಲ್ಲಿಡಬೇಕು. ಅವರಿಗೆ ಬದುಕಿರುವಾಗ ಒಪ್ಪಿಸುವುದೇ ಸುಲಭ.

ಬಹಳ ಮೃತ್ಯುಪತ್ರಗಳು ತೊಡಕಾಗುವುದು ‘ನನ್ನ ಪುಸ್ತಕ ಹಾಗೂ ಹಳೆಯ ವಸ್ತುಗಳು’ ಎಂಬ ಒಂದೇ ಸಾಲಿನಿಂದ. ರಜಿಸ್ಟರಿನ ಸಂಖ್ಯೆ ಹಿಡಿದು ಬರೆಯಿರಿ. ಸಹಿ ಮಾಡುವ ದಿನ ಪಟ್ಟಿ ಸಿದ್ಧವಿರಬೇಕು, ಪ್ರತಿ ಪುಟಕ್ಕೂ ಸಹಿ ಇರಬೇಕು. ಆಮೇಲೆ ಪೆನ್ನಿನಿಂದ ಸೇರಿಸಿದ ಸಾಲಿಗೆ ಸಾಕ್ಷಿಯಿಲ್ಲದಿದ್ದರೆ ಬೆಲೆಯಿಲ್ಲ. ಅದಕ್ಕಾಗಿಯೇ ‘ಈ ಪಟ್ಟಿಯಲ್ಲಿಲ್ಲದ್ದು, ಮುಂದೆ ಸೇರುವುದು ಇಂಥವರಿಗೆ’ ಎಂಬ ಸಾಲು ಇರಲಿ. ಸಂಸ್ಥೆ ಬೇಡವೆಂದರೆ ಎರಡನೆಯ ಸಂಸ್ಥೆ ಯಾವುದು, ಕಟ್ಟಿ ಸಾಗಿಸುವ ಖರ್ಚು ಯಾವ ಖಾತೆಯಿಂದ, ಎಷ್ಟು ತಿಂಗಳೊಳಗೆ ಮುಗಿಸಬೇಕು ಎಂದೂ ಬರೆಯಿರಿ. ಜಾರಿಮಾಡುವ ಜವಾಬ್ದಾರಿಯನ್ನು ಸಂಗ್ರಹದ ಬೆಲೆ ಬಲ್ಲವರಿಗೆ ಕೊಡಿ. ಅವರು ರಕ್ತಸಂಬಂಧಿ ಆಗಿರಲೇಬೇಕೆಂದಿಲ್ಲ.

ಕೆಲವು ವಸ್ತುಗಳಿಗೆ ಬೇರೆ ಕಾಯ್ದೆಗಳಿವೆ. ನೂರು ವರ್ಷ ದಾಟಿದ ಕಲ್ಲು, ಲೋಹ, ಮರದ ಶಿಲ್ಪ, ಚಿತ್ರ ಮತ್ತು ಚಿತ್ರಗಳಿರುವ ಹಳೆಯ ಹಸ್ತಪ್ರತಿಯನ್ನು 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೋಂದಾಯಿಸಬೇಕು, ಕೈ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಸಾಹಿತ್ಯ, ಚರಿತ್ರೆಯಂಥ ಮಹತ್ವವಿರುವ ಹಸ್ತಪ್ರತಿಗಾದರೆ ಎಪ್ಪತ್ತೈದು ವರ್ಷವಾದರೂ ಸಾಕು, ಅದು ಪುರಾತನ ವಸ್ತು. ಅಮೆರಿಕದಲ್ಲಿರುವ ಮಗನಿಗೆ ಅದನ್ನು ಬರೆದುಕೊಡಬಹುದು, ಅವನು ಬ್ಯಾಗಿನಲ್ಲಿ ಒಯ್ಯುವಂತಿಲ್ಲ. ಹೊಲ ಉಳುವಾಗ ಸಿಕ್ಕ ನಾಣ್ಯದ ಗಡಿಗೆ ನಿಮ್ಮ ಸಂಗ್ರಹವಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕಾದ ನಿಧಿ. ಹುಲಿ ಉಗುರು, ಆನೆದಂತ, ಜಿಂಕೆ ಕೊಂಬಿದ್ದರೆ ಅರಣ್ಯ ಇಲಾಖೆಯ ಮಾಲೀಕತ್ವ ಪ್ರಮಾಣಪತ್ರ ಹುಡುಕಿ ರಜಿಸ್ಟರಿಗೆ ಅಂಟಿಸಿಡಿ. ಇಲ್ಲದಿದ್ದರೆ ಮಕ್ಕಳ ತಲೆಗೆ ಬರುವುದು ಕೇಸು. ಅಜ್ಜನ ಬಂದೂಕು ಲೈಸೆನ್ಸ್‌ದಾರರು ತೀರಿದ ಮೇಲೆ ಮನೆಯಲ್ಲಿರುವಂತಿಲ್ಲ, ಠಾಣೆಗೆ ಒಪ್ಪಿಸಬೇಕು.

ಪತ್ರ, ದಿನಚರಿಗಳ ವಿಷಯ ಸೂಕ್ಷ್ಮ. ನಿಮಗೆ ಬಂದ ಪತ್ರದ ಕಾಗದ ನಿಮ್ಮದು. ಅದರ ಹಕ್ಕುಸ್ವಾಮ್ಯ ಬರೆದವರದು, ಅವರು ತೀರಿದ ಮೇಲೆ ಅವರ ವಾರಸುದಾರರದು. ನಿಮ್ಮದೇ ಅಪ್ರಕಟಿತ ಬರಹದ ಹಸ್ತಪ್ರತಿಯನ್ನು ಮೃತ್ಯುಪತ್ರದಲ್ಲಿ ಒಬ್ಬರಿಗೆ ಬರೆದರೆ, ಬೇರೆ ರೀತಿ ಹೇಳದ ಹೊರತು ಹಕ್ಕುಸ್ವಾಮ್ಯವೂ ಅವರಿಗೇ ಹೋಗುತ್ತದೆ. ಬೇರೆಯವರ ಮನೆಯ ಗುಟ್ಟಿರುವ ದಿನಚರಿಯನ್ನು ಸುಡಬೇಡಿ. ಇಂಥ ವರ್ಷದವರೆಗೆ ತೆರೆಯಬಾರದು ಎಂದು ಬರೆದು, ಲಕೋಟೆ ಮುಚ್ಚಿ ಸಂಸ್ಥೆಗೆ ಕೊಡಬಹುದು. ಮೊಬೈಲು, ಕಂಪ್ಯೂಟರಿನಲ್ಲಿರುವ ಫೋಟೋಗಳನ್ನು ಎರಡು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಎರಡು ಮನೆಯಲ್ಲಿಡಿ.

ರಜಿಸ್ಟರಿನ ಒಂದು ನಕಲು ಜಾರಿಮಾಡುವವರ ಬಳಿ, ಇನ್ನೊಂದು ಬೇರೆ ಊರಿನ ಮಗಳ ಮನೆಯಲ್ಲಿರಲಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹೊಳೆಗಳು ಮನೆ ಹೊಕ್ಕಿದ್ದನ್ನು ಕಂಡವರಿಗೆ ಇದರ ಕಾರಣ ಹೇಳಬೇಕಿಲ್ಲ. ಟ್ರಂಕನ್ನು ನೆಲಕ್ಕಿಡದೆ ಇಟ್ಟಿಗೆಯ ಮೇಲೆ ಇಡಿ, ಗೋಡೆಗೆ ತಾಗಿಸಬೇಡಿ. ಮಳೆ ತೆರಪಾಗಿ ಗಾಳಿ ಒಣಗುವ ಮಹಾನವಮಿಯ ಹೊತ್ತಿಗೆ ಖಂಡೇಪೂಜೆಗೆಂದು ಪುಸ್ತಕಗಳನ್ನು ಹೇಗೂ ಹೊರಗೆ ತೆಗೆಯುತ್ತೀರಿ. ಅದೇ ದಿನ ನೆರಳಿನಲ್ಲಿ ಹರವಿ, ಧೂಳು ಒರೆಸಿ, ರಜಿಸ್ಟರಿಗೆ ತಾಳೆ ನೋಡಿ, ಆ ವರ್ಷ ಕೊಟ್ಟದ್ದನ್ನು ತಾರೀಖಿನೊಂದಿಗೆ ಹೊಡೆದುಹಾಕಿ ಸಹಿ ಮಾಡಿ. ಮಗನನ್ನೋ ಮೊಮ್ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಸಂಖ್ಯೆಗಳನ್ನು ಓದಿಸಿ.