ಕಿರ್ದಿಗೆ ಬಿತ್ತಾ, ಇಲ್ವಾ?

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಯಿತು ಅಂತ ಯಾರೂ ಎಣಿಸುವುದಿಲ್ಲ. ಕೆಲವು ವರ್ಷದ ಹಿಂದೆ ಒಂದು ಅಡಿಕೆ ಮಂಡಿಯಲ್ಲಿ ಕೂತಿದ್ದೆ. ಆರು ಚೀಲ ರಾಶಿ ಅಡಿಕೆಯ ಬಿಲ್ ಪ್ರಿಂಟಾಗಿ ಕೈಗೆ ಬಂತು, ಕರೆಂಟ್ ಹೋಯಿತು. ಯುಪಿಎಸ್ ಒಂದು ಸಲ ಕುಂಯ್ ಅಂದು ಸುಮ್ಮನಾಯಿತು. ಕಂಪ್ಯೂಟರ್ ಮತ್ತೆ ಎದ್ದಾಗ ಆ ಬಿಲ್ಲೇ ಇಲ್ಲ! ಕಾಗದ ಮಾತ್ರ ಕೈಯಲ್ಲಿದೆ.

ಹಳೇ ಮಂಡಿಗಳಲ್ಲಿ ವ್ಯವಹಾರ ಆದ ಕೂಡಲೇ ಕಿರ್ದಿಗೆ ಒಂದು ಸಾಲು ಬೀಳುತ್ತಿತ್ತು. ಖಾತೆಗೆ ಏರಿಸುವುದು ಆಮೇಲೆ, ಪುರುಸೊತ್ತಾದಾಗ. ಕಂಪ್ಯೂಟರಿನಲ್ಲಿ ಲೆಕ್ಕ ಇಟ್ಟುಕೊಳ್ಳುವ ಡೇಟಾಬೇಸ್ ಮಾಡುವುದೂ ಇದನ್ನೇ. ಮೊದಲು ಲಾಗ್‌ಗೆ, ಅಂದರೆ ತನ್ನ ಕಿರ್ದಿಗೆ ಬರೆಯುತ್ತದೆ, ಅದು ಡಿಸ್ಕ್ ಮುಟ್ಟಿದ ಮೇಲೆ 'ಕಮಿಟ್ ಆಯ್ತು', ಅಂದರೆ ವ್ಯವಹಾರ ಪಕ್ಕಾ ಆಯ್ತು ಅನ್ನುತ್ತದೆ. 1970ರ ದಶಕದ ಈ ಯೋಚನೆಗೆ 1992ರಲ್ಲಿ ಐಬಿಎಂನ ಸಿ. ಮೋಹನ್ ಮತ್ತು ಜೊತೆಗಾರರ 'ಏರೀಸ್' ಪ್ರಬಂಧ ಗಟ್ಟಿ ರೂಪ ಕೊಟ್ಟಿತು. 2001ರಲ್ಲಿ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ಗೂ ಬಂತು.

ತೊಡಕಿರುವುದು 'ಡಿಸ್ಕ್ ಮುಟ್ಟಿತು' ಅನ್ನುವುದರಲ್ಲೇ. ಪ್ರೋಗ್ರಾಂ ಬರೆದದ್ದು ಮೊದಲು ಆಪರೇಟಿಂಗ್ ಸಿಸ್ಟಂನ ಮೆಮೊರಿಯಲ್ಲಿ ಕೂರುತ್ತದೆ. 'ಡಿಸ್ಕ್‌ಗೆ ಕಳಿಸು' ಅನ್ನುವ ಎಫ್‌ಸಿಂಕ್ ಆಜ್ಞೆ ಕೊಟ್ಟರೆ ಮುಂದಕ್ಕೆ ಹೋಗುತ್ತದೆ. ಅಲ್ಲಿ ಡಿಸ್ಕ್‌ನದೇ ಇನ್ನೊಂದು ಕ್ಯಾಶ್, ಅಂದರೆ ತಾತ್ಕಾಲಿಕ ಮೆಮೊರಿ, ಕಾಯುತ್ತಿರುತ್ತದೆ. ಮ್ಯಾಕ್‌ನಲ್ಲಂತೂ ಬರೀ ಎಫ್‌ಸಿಂಕ್ ಆ ಕ್ಯಾಶನ್ನು ಖಾಲಿ ಮಾಡಿಸುವುದಿಲ್ಲ, ಅದಕ್ಕೆ ಬೇರೆಯೇ ಆಜ್ಞೆ ಬೇಕು. ಎಲ್ಲಕ್ಕೂ ಕಾಯೋಣ ಅಂದರೆ ನಿಧಾನ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಸೆಕೆಂಡಿಗೆ 120 ಸುತ್ತಷ್ಟೇ ಹಾಕುತ್ತದೆ. ಒಂದೊಂದೇ ಕಮಿಟ್‌ಗೆ ಒಂದೊಂದು ಸುತ್ತು ಕಾಯುತ್ತಾ ಕೂತರೆ ಸೆಕೆಂಡಿಗೆ ಹೆಚ್ಚುಕಮ್ಮಿ ಅಷ್ಟೇ ಕಮಿಟ್. ಹಲವು ಕಮಿಟ್‌ಗಳನ್ನು ಒಟ್ಟಿಗೆ ಬರೆಯುವುದು ಪ್ರಾಮಾಣಿಕ ದಾರಿ. ಕಾಯದೇ 'ಆಯ್ತು' ಅನ್ನುವುದು ಸುಲಭದ ದಾರಿ, ಜಾಸ್ತಿ ಜನ ಹಿಡಿದದ್ದೂ ಅದನ್ನೇ ಅಂತ ನನಗನಿಸುತ್ತದೆ.

2018ರಲ್ಲಿ ಇನ್ನೊಂದು ಹುಳುಕು ಬಯಲಾಯಿತು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಎಫ್‌ಸಿಂಕ್ ಸೋತರೆ ಒಂದು ಸಲ ದೋಷ ಹೇಳುತ್ತದೆ. ಡಿಸ್ಕ್‌ಗೆ ಹೋಗದ ಪುಟಕ್ಕೇ (ಮೆಮೊರಿಯಲ್ಲಿರುವ ಡೇಟಾದ ತುಂಡಿಗೇ) 'ಬಾಕಿ ಇಲ್ಲ' ಅಂತ ಗುರುತು ಬೀಳಬಹುದು. ಪೋಸ್ಟ್‌ಗ್ರೆಸ್ ಮತ್ತೆ ಕೇಳಿದರೆ, ಎಲ್ಲಾ ಸರಿಯಿದೆ ಎಂಬ ಉತ್ತರ! ಗುಮಾಸ್ತ ಚೀಟಿ ಹರಿದೆಸೆದು 'ಬರೆಯೋದು ಏನೂ ಉಳಿದಿಲ್ಲ' ಅಂದ ಹಾಗೆ. ಸುಳ್ಳಲ್ಲ, ಅಲ್ವಾ? ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರ ಮಾತಿನಲ್ಲೂ ಹುರುಳಿತ್ತು. ಬರೆಯುತ್ತಿರುವಾಗಲೇ ಪೆನ್‌ಡ್ರೈವ್ ಕಿತ್ತುಕೊಂಡರೆ ಆ ಪುಟಗಳನ್ನು ಎಷ್ಟು ದಿನ ಮೆಮೊರಿಯಲ್ಲಿ ಹೊತ್ತಿರಬೇಕು? 2019ರ ಫೆಬ್ರವರಿಯಲ್ಲಿ ಬಂದ 11.2 ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಮತ್ತೆ ಕೇಳುವುದನ್ನೇ ಬಿಟ್ಟಿತು. ಎಫ್‌ಸಿಂಕ್ ಸೋತರೆ ತಾನೇ ಬಿದ್ದು, ಲಾಗ್ ಓದಿಕೊಂಡು ಏಳುತ್ತದೆ.

ಮಂಡಿಯ ಕಂಪ್ಯೂಟರಿನಲ್ಲಿದ್ದದ್ದು ಎಸ್‌ಕ್ಯುಲೈಟ್ ಅನ್ನುವ ಪುಟ್ಟ ಡೇಟಾಬೇಸ್. ತನ್ನಷ್ಟಕ್ಕೆ ಬಿಟ್ಟರೆ ಅದು ಡಿಸ್ಕ್‌ಗೆ ಕಾಯುತ್ತದೆ. ವೇಗಕ್ಕೆಂದು ಯಾರೋ ಹಾಗೆ ಕಾಯಿಸುವ 'ಸಿಂಕ್ರೊನಸ್' ಸೆಟ್ಟಿಂಗ್ ಆಫ್ ಮಾಡಿಟ್ಟಿದ್ದರು. ಈಗ ಆನ್ ಇದೆ, ಬಿಲ್ ಒಂಚೂರು ತಡವಾಗಿ ಬರುತ್ತದೆ. ಗುಮಾಸ್ತರು ಮಾತ್ರ ಪಕ್ಕದಲ್ಲೊಂದು ಕೆಂಪು ರಟ್ಟಿನ ಕಿರ್ದಿ ಇಟ್ಟುಕೊಂಡಿದ್ದಾರೆ.