ಒಂದೇ ಚಿಪ್, ಹತ್ತು ಪದ್ಧತಿ: ರೇಡಿಯೊ ಸೆಟ್ಟಿನೊಳಗೆ ಏನು ಬದಲಾಯಿತು?

ಡಿಜಿಟಲ್ ರೇಡಿಯೊ ಬಂತು, ಬರುತ್ತಿದೆ, ಬರಲಿದೆ ಎಂಬ ಸುದ್ದಿಗಳ ನಡುವೆ ಕರಾವಳಿಯ ಕೇಳುಗರಿಗೆ ಇರುವುದು ಒಂದೇ ಪ್ರಶ್ನೆ: ಮನೆಯಲ್ಲಿರುವ ಸೆಟ್ ಸಾಕೋ, ಹೊಸದು ಕೊಳ್ಳಬೇಕೋ?

1918ರಲ್ಲಿ ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ಸೂಪರ್‌ಹೆಟರೊಡೈನ್ ವಿಧಾನ (ಯಾವ ಸ್ಟೇಷನ್ನಿನ ಅಲೆಯನ್ನೂ ಒಂದೇ ನಿಗದಿತ ಆವರ್ತನಕ್ಕೆ ತಂದು ಸೋಸುವುದು) ಶತಮಾನದ ಕೊನೆಯವರೆಗೂ ನಡೆಯಿತು. ಬ್ರಹ್ಮಾವರದಿಂದ ಬರುತ್ತಿದ್ದ ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸ್ ಮೀಡಿಯಂ ವೇವ್ (ಎಎಂ) ಪ್ರಸಾರವನ್ನು ಕೇಳಿಸುತ್ತಿದ್ದ ಹಳೆ ಟ್ರಾನ್ಸಿಸ್ಟರ್ ಬಿಚ್ಚಿದರೆ ಅಲೆ ಹಿಡಿಯುವ ಫೆರೈಟ್ ಕಡ್ಡಿ, ಸ್ಟೇಷನ್ ತಿರುಗಿಸುವ ಗ್ಯಾಂಗ್ ಕಂಡೆನ್ಸರ್, ಹಳದಿ, ಬಿಳಿ, ಕಪ್ಪು ತಲೆಯ ಐಎಫ್ (ಮಧ್ಯಂತರ ಆವರ್ತನದ) ಕಾಯಿಲ್‌ಗಳು ಕಾಣುತ್ತವೆ. ಯಾವ ಸ್ಟೇಷನ್ ಹಿಡಿದರೂ ಅದನ್ನು 455 ಕಿಲೋಹರ್ಟ್ಸ್‌ಗೆ ಇಳಿಸಿ ಅಲ್ಲಿ ಸೋಸಬೇಕು. ಎಫ್‌ಎಂಗೆ 10.7 ಮೆಗಾಹರ್ಟ್ಸ್‌ನ ಬೇರೆಯೇ ಕಾಯಿಲ್‌ಗಳು.

ಡಿಎಸ್‌ಪಿ, ಅಂದರೆ ಅಲೆಯನ್ನು ಅಂಕಿಗಳಾಗಿಸಿ ಲೆಕ್ಕದಿಂದಲೇ ಸಂಸ್ಕರಿಸುವ ತಂತ್ರ, ಬಂದ ಮೇಲೆ ಕಾಯಿಲ್‌ಗಳ ಕೆಲಸ ಲೆಕ್ಕವಾಯಿತು. ಆಂಟೆನಾಕ್ಕೆ ಸಿಕ್ಕ ಅಲೆ ಅಂಕಿಗಳಾಗುತ್ತದೆ. ಆ ಅಂಕಿಗಳನ್ನು ಸೈನ್, ಕೊಸೈನ್ ಬೆಲೆಗಳಿಂದ ಗುಣಿಸಿದರೆ ಬೇಕಾದ ಸ್ಟೇಷನ್ ಸೊನ್ನೆಯ ಬಳಿಗೆ ಇಳಿಯುತ್ತದೆ. ಅಕ್ಕಪಕ್ಕದ್ದನ್ನು ಸೋಸಿ, ಅಗತ್ಯಕ್ಕಿಂತ ಹೆಚ್ಚಿನ ಸ್ಯಾಂಪಲ್‌ಗಳನ್ನು (ಅಲೆಯನ್ನು ಅಳೆದ ಅಂಕಿಗಳನ್ನು) ಬಿಡಲಾಗುತ್ತದೆ. ಉಳಿದದ್ದರ ಪ್ರಮಾಣ ನೋಡಿದರೆ ಎಎಂ, ಹಂತದ (ಫೇಸ್) ಏರಿಳಿತ ನೋಡಿದರೆ ಎಫ್‌ಎಂ. ಚಿಪ್‌ನ ಸಾಫ್ಟ್‌ವೇರ್ ಬದಲಿಸಿದರೆ ಪದ್ಧತಿಯೇ ಬದಲು. 2012ರಲ್ಲಿ ಆರ್‌ಟಿಎಲ್2832ಯು ಎಂಬ, ಕಂಪ್ಯೂಟರಿಗೆ ಚುಚ್ಚುವ ಅಗ್ಗದ ಟಿವಿ ಡಾಂಗಲ್‌ನ ಚಿಪ್, ಸೆಕೆಂಡಿಗೆ 24 ಲಕ್ಷದಷ್ಟು 8 ಬಿಟ್ ಸ್ಯಾಂಪಲ್‌ಗಳನ್ನು ನೇರ ಕಂಪ್ಯೂಟರಿಗೆ ಕೊಡಬಲ್ಲದೆಂದು ಗೊತ್ತಾಯಿತು. ಅಲ್ಲಿಯವರೆಗೆ ಹೆಚ್ಚಾಗಿ ದೊಡ್ಡ ಪ್ರಯೋಗಾಲಯಗಳಲ್ಲಿದ್ದ ವಿದ್ಯೆ ಸುರತ್ಕಲ್, ಮಣಿಪಾಲದ ವಿದ್ಯಾರ್ಥಿಗಳ ಮೇಜಿಗೂ ಬಂತು. ಮಂಗಳೂರಿನ ಕದ್ರಿಯ 100.3 ಎಫ್‌ಎಂ ಅದರಲ್ಲಿ ಸಲೀಸಾಗಿ ಸಿಗುತ್ತದೆ. ಆದರೆ ಅದರ ಟ್ಯೂನರ್ ಮೀಡಿಯಂ ವೇವ್‌ನಷ್ಟು ಕೆಳಗೆ ಇಳಿಯದು, ಅದಕ್ಕೆ ಬೇರೆ ದಾರಿ ಮಾಡಬೇಕು.

ಡಿಆರ್‌ಎಂ (ಡಿಜಿಟಲ್ ರೇಡಿಯೊ ಮೊಂಡಿಯಾಲ್) ಎಂಬ ಡಿಜಿಟಲ್ ಪ್ರಸಾರ ಪದ್ಧತಿ ಇನ್ನೂ ಕಷ್ಟದ್ದು. ಕಿರಿದಾದ ಚಾನೆಲ್‌ನಲ್ಲಿ ನೂರಾರು ವಾಹಕ ಅಲೆಗಳನ್ನು ತುಂಬುತ್ತದೆ. ಅವನ್ನು ಬಿಡಿಸಲು ಎಫ್‌ಎಫ್‌ಟಿ (ಬೆರೆತ ಅಲೆಗಳನ್ನು ಬೇರ್ಪಡಿಸುವ ಲೆಕ್ಕ), ತಪ್ಪು ತಿದ್ದುವ ಲೆಕ್ಕ, ಆಡಿಯೊ ಡಿಕೋಡಿಂಗ್ ಎಲ್ಲ ಬೇಕು; ಮನೆಯ ಹಳೆ ಸೆಟ್ಟಿಗೆ ಅದು ಆಗದು. ಮೆಮೊರಿ ಬೇಕು, ಬ್ಯಾಟರಿಯೂ ಬೇಗ ಇಳಿಯುತ್ತದೆ. ಬೆಂಗಳೂರು, ಧಾರವಾಡ ಸೇರಿ ದೇಶದ 30ಕ್ಕೂ ಹೆಚ್ಚು ಮೀಡಿಯಂ ವೇವ್ ಕೇಂದ್ರಗಳಿಗೆ ಡಿಆರ್‌ಎಂ ಟ್ರಾನ್ಸ್‌ಮಿಟರ್ ಬಂತು, ಕಾರುಗಳಲ್ಲಿ ರಿಸೀವರ್ ಬಂತು. ಕೈಯಲ್ಲಿ ಹಿಡಿಯುವ ಅಗ್ಗದ ಸೆಟ್ ಮಾತ್ರ ಬರಲಿಲ್ಲ.

ಎಫ್‌ಎಂ ಬ್ಯಾಂಡಿಗೆ ಡಿಆರ್‌ಎಂ ಇರಲೋ, ಅಮೆರಿಕದ ಡಿಜಿಟಲ್ ಪದ್ಧತಿಯಾದ ಎಚ್‌ಡಿ ರೇಡಿಯೊ ಇರಲೋ ಎಂಬ ಚರ್ಚೆ ವರ್ಷಗಟ್ಟಲೆ ಎಳೆಯಿತು. ದೇಶಕ್ಕೆ ಒಂದೇ ತಂತ್ರಜ್ಞಾನ ಇರಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2025ರಲ್ಲಿ ಶಿಫಾರಸು ಮಾಡಿತು. ಎರಡನ್ನೂ ಬಿಡಿಸುವ ಚಿಪ್‌ಗಳು ಕಾರುಗಳಿಗೆಂದೇ ತಯಾರಾಗಿರುವಾಗ ಕೇಳುಗರನ್ನು ಇಷ್ಟು ಕಾಯಿಸಬೇಕಿರಲಿಲ್ಲ.

ಈ ಚರ್ಚೆಯೆಲ್ಲ ದೊಡ್ಡ ನಗರಗಳ ಸುತ್ತಲೇ ಇದೆ. ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ಬೋಟಿಗೆ ಎಫ್‌ಎಂ ಸ್ವಲ್ಪ ದೂರದಲ್ಲೇ ಕೈಕೊಡುತ್ತದೆ. ಮೀಡಿಯಂ ವೇವ್ ಉಪ್ಪುನೀರಿನ ಮೇಲೆ ಬಹಳ ದೂರ ಹೋಗಬಲ್ಲದು. ಡಿಆರ್‌ಎಂನಲ್ಲಿ ತುರ್ತು ಎಚ್ಚರಿಕೆ ಕೊಡುವ ವ್ಯವಸ್ಥೆಯೂ ಇದೆ. ಎಎಂ, ಎಫ್‌ಎಂ, ಡಿಆರ್‌ಎಂ ಮೂರೂ ಹಿಡಿಯುವ, ಉಪ್ಪುಗಾಳಿ ತಡೆಯುವ, ಬೋಟಿನವರು ಕೊಳ್ಳಬಹುದಾದ ಸೆಟ್ ಯಾವಾಗ ಅಂಗಡಿಗೆ ಬರುತ್ತದೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ.