ಗೋಡೆ ತಾವುಲ್‌ನಲ್ಲಿ, ಚಿತ್ರ ಬಾರ್ಸಿಲೋನಾದಲ್ಲಿ

ಸ್ಪೇನಿನ ಕೆಟಲೋನಿಯಾದಲ್ಲಿ, ಪಿರನೀಸ್ ಬೆಟ್ಟಗಳ ನಡುವೆ, ಬೋಯಿ ಅನ್ನೋ ಕಣಿವೆ ಇದೆ. ಅಲ್ಲಿ ಸುಮಾರು 1,500 ಮೀಟರ್ ಎತ್ತರದಲ್ಲಿರುವ ಪುಟ್ಟ ಹಳ್ಳಿ ತಾವುಲ್. ಊರಂಚಿನ ಸಂತ ಕ್ಲೆಮೆಂಟರ ಇಗರ್ಜಿ (ಚರ್ಚ್) ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆದರೆ ಅದಕ್ಕೆ ಹೆಸರು ತಂದುಕೊಟ್ಟ ಚಿತ್ರ ಈಗ ಅಲ್ಲಿಲ್ಲ. ಸುಮಾರು ನೂರು ವರ್ಷದ ಹಿಂದೆ ಅದನ್ನು ಗೋಡೆಯಿಂದ ಕಿತ್ತು ಬಾರ್ಸಿಲೋನಾಗೆ ಸಾಗಿಸಿದರು. ಕಿತ್ತವರು ಕಳ್ಳರಲ್ಲ, ಕಾಪಾಡಲು ಬಂದವರು.

ಇಗರ್ಜಿ ಯಾವತ್ತಿನದು ಅಂತ ಊಹಿಸುವ ಕಷ್ಟವೇ ಇಲ್ಲ. ಒಳಗಿನ ಒಂದು ಕಂಬದ ಮೇಲೆಯೇ ಬರೆದಿಟ್ಟಿದ್ದರು: 1123ರ ಡಿಸೆಂಬರ್ 10ರಂದು ರೋಡಾದ ಬಿಷಪ್ ರಾಮೋನ್ ಇದರ ಪ್ರತಿಷ್ಠೆ ಮಾಡಿದರು. ಮರುದಿನವೇ ಅದೇ ಊರಿನ ಸಾಂತಾ ಮರಿಯಾ ಇಗರ್ಜಿಗೂ ಪ್ರತಿಷ್ಠೆಯಾಯಿತು. ಅಷ್ಟು ಸಣ್ಣ ಊರಿಗೆ ಎರಡು ದಿನದಲ್ಲಿ ಎರಡು ಇಗರ್ಜಿ! ಕಣಿವೆಯ ಒಡೆಯರಾದ ಎರಿಲ್ ಮನೆತನದವರು ಮುಸ್ಲಿಂ ದೊರೆಗಳ ಮೇಲಿನ ಯುದ್ಧಗಳಲ್ಲಿ ಗಳಿಸಿದ ಹಣ ಇದರ ಹಿಂದಿತ್ತು ಎನ್ನುತ್ತಾರೆ ಇತಿಹಾಸಕಾರರು.

ಕಟ್ಟಡ ಸರಳ. ಒರಟು ಕಲ್ಲಿನ ಗೋಡೆ, ಮರದ ಚಾವಣಿ, ಎರಡು ಸಾಲು ದುಂಡು ಕಂಬ. ಪಕ್ಕದಲ್ಲೇ ಆರು ಅಂತಸ್ತಿನ ಚೌಕಾಕಾರದ ಗಂಟೆ ಗೋಪುರ. ಪ್ರತಿ ಅಂತಸ್ತಿನ ಮೇಲೂ ಕುರುಡು ಕಮಾನುಗಳ, ಅಂದರೆ ತೆರಪಿಲ್ಲದೆ ಗೋಡೆಗೇ ಅಂಟಿದ ಕಮಾನುಗಳ, ಸಣ್ಣ ಪಟ್ಟಿ. ಇದು ಉತ್ತರ ಇಟಲಿಯ ಲೊಂಬಾರ್ಡಿಯಿಂದ ಬಂದ ಶೈಲಿ.

ಬಲಿಪೀಠದ ಹಿಂದಿನ ಅರ್ಧವೃತ್ತದ ಗೋಡೆಗೆ ಬಂದರೆ ಆ ಸರಳತೆ ಮುಗಿಯಿತು. ಅಲ್ಲಿ ದೊಡ್ಡ ಕಣ್ಣುಗಳ ಕ್ರಿಸ್ತ ನೇರ ನಮ್ಮನ್ನೇ ನೋಡುತ್ತಾ ಕೂತಿದ್ದ. ಕೈಯಲ್ಲಿ ಪುಸ್ತಕ, ಅದರಲ್ಲಿ ಲ್ಯಾಟಿನ್‌ನಲ್ಲಿ 'ನಾನೇ ಲೋಕದ ಬೆಳಕು'. ಹಿಂದಿನ ನೀಲಿ ಬಣ್ಣ ಪಿರನೀಸ್‌ನಲ್ಲೇ ಸಿಗುವ ಏರಿನೈಟ್ ಎಂಬ ಖನಿಜದ್ದು. ಕಮಾನಿನಲ್ಲಿ ಏಳು ಕಣ್ಣಿನ ಕುರಿಮರಿ. ಕೆಳಗೊಂದು ಮೂಲೆಯಲ್ಲಿ ಬಾಗಿಲ ಬಳಿ ಬಿದ್ದ, ಬೈಬಲ್ ಕಥೆಯ ಬಡ ಲಾಜರ, ಅವನ ಹುಣ್ಣು ನೆಕ್ಕುತ್ತಿರುವ ನಾಯಿ. ನನಗಂತೂ ಕ್ರಿಸ್ತನಿಗಿಂತ ಈ ನಾಯಿಯೇ ಜಾಸ್ತಿ ಇಷ್ಟ. ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ.

ಮುಂದೆ ಕಾಲ ಬದಲಾಯಿತು. ಗೋಡೆಯ ಮುಂದೆ ಹೊಸ ಶೈಲಿಯ ಮರದ ಪೀಠಫಲಕ ಬಂತು, ಚಿತ್ರದ ಬಹುಭಾಗ ಮರೆಯಾಯಿತು. 1907ರಲ್ಲಿ ವಾಸ್ತುಶಿಲ್ಪಿ ಜೋಸೆಪ್ ಪುಯಿಗ್ ಇ ಕಡಫಾಲ್ಕ್ ನೇತೃತ್ವದ ತಂಡ ಕಣಿವೆ ಸುತ್ತಿ ಫೋಟೋ ತೆಗೆದು ದಾಖಲೆ ಮಾಡಿತು. ಪುಸ್ತಕಗಳು ಬಂದವು. ವಿದ್ವಾಂಸರ ಜೊತೆಗೆ ವ್ಯಾಪಾರಿಗಳ ಕಣ್ಣೂ ಬಿತ್ತು.

1919ರ ಹೊತ್ತಿಗೆ ಸಾಂತಾ ಮರಿಯಾ ದೆ ಮುರ್ ಎಂಬ ಇನ್ನೊಂದು ಇಗರ್ಜಿಯ ಗೋಡೆಚಿತ್ರ ಮಾರಾಟವಾಗಿ, ಕೊನೆಗೆ ಅಮೆರಿಕದ ಬಾಸ್ಟನ್ ಮ್ಯೂಸಿಯಂ ಸೇರಿತು. ತಡೆಯುವಷ್ಟು ಗಟ್ಟಿ ಕಾನೂನು ಆಗ ಇರಲಿಲ್ಲ. ಬಡ ಹಳ್ಳಿಯ ಪಾದ್ರಿಗೆ ಸೋರುವ ಚಾವಣಿಯೇ ಚಿಂತೆ, ಹಳೇ ಚಿತ್ರಕ್ಕೆ ದುಡ್ಡು ಕೊಡ್ತೀವಿ ಅಂದರೆ ಬೇಡ ಅನ್ನುವುದು ಸುಲಭವಲ್ಲ. ಬಾರ್ಸಿಲೋನಾದ ಮ್ಯೂಸಿಯಂ ಮಂಡಳಿ ಎಚ್ಚೆತ್ತು, ಉಳಿದ ಚಿತ್ರಗಳನ್ನು ತಾನೇ ಕೊಂಡುಕೊಂಡಿತು. ಕೀಳುವ ಕೆಲಸಕ್ಕೆ ಇಟಲಿಯ ಕುಶಲಕರ್ಮಿಗಳೇ ಬಂದರು. ಮುರ್‌ನ ಚಿತ್ರ ಕಿತ್ತವರೂ ಅದೇ ಕೈಚಳಕದವರೇ.

ಕೆಲಸದ ರೀತಿ ಹೀಗೆ. ಪ್ರಾಣಿಜನ್ಯ ಅಂಟಿನಲ್ಲಿ ನೆನೆಸಿದ ಬಟ್ಟೆಯನ್ನು ಚಿತ್ರದ ಮೇಲೆ ಹಚ್ಚುತ್ತಾರೆ. ಅಂಟು ಒಣಗಿ ಬಿಗಿಯಾಗುತ್ತದೆ. ಆಮೇಲೆ ಬಟ್ಟೆ ಎಳೆದರೆ ಬಣ್ಣದ ತೆಳು ಪದರ ಅದಕ್ಕಂಟಿ ಗೋಡೆ ಬಿಟ್ಟು ಬರುತ್ತದೆ, ಕಾಲಿನ ಬ್ಯಾಂಡೇಜು ಕಿತ್ತಾಗ ಕೂದಲು ಬಂದ ಹಾಗೆ. ಅದನ್ನು ಸುರುಳಿ ಸುತ್ತಿ, ಹೇಸರಗತ್ತೆಗಳ ಮೇಲೆ ಹೇರಿ ಬೆಟ್ಟ ಇಳಿಸಿದರು. ಬಾರ್ಸಿಲೋನಾದಲ್ಲಿ ಹಿಂಬದಿಗೆ ಹೊಸ ಬಟ್ಟೆ ಅಂಟಿಸಿ, ಮುಂದಿನ ಬಟ್ಟೆಯನ್ನು ಬಿಸಿನೀರಿನಲ್ಲಿ ಬಿಡಿಸಿ, ಮರದ ಅರ್ಧಗೋಳದ ಒಳಗೆ ಕೂರಿಸಿದರು. 1919ರಿಂದ 1923ರವರೆಗೆ ಕಣಿವೆಯ ಇಗರ್ಜಿಗಳಲ್ಲೂ ಸುತ್ತಮುತ್ತಲೂ ಇದೇ ನಡೆಯಿತು. ತಾವುಲ್‌ನ ಕ್ರಿಸ್ತ ಈಗ ಕೆಟಲೋನಿಯಾದ ರಾಷ್ಟ್ರೀಯ ಕಲಾ ಮ್ಯೂಸಿಯಂನಲ್ಲಿದ್ದಾನೆ.

ಇದು ಸರಿಯಾ? ಆಗಿನ ಪರಿಸ್ಥಿತಿಗೆ ಬೇರೆ ದಾರಿ ಇರಲಿಲ್ಲ ಅಂತಲೇ ನನಗನಿಸುತ್ತದೆ. ಆದರೆ ಚಿತ್ರ ಹೋದ ಮೇಲೆ ಹಳ್ಳಿಗೆ ಉಳಿದದ್ದು ಬೋಳು ಗೋಡೆ. 20ನೇ ಶತಮಾನದ ಮಧ್ಯದಲ್ಲಿ ಅಲ್ಲೊಂದು ನಕಲು ಬರೆಸಿದರು. 2000ದಲ್ಲಿ ಕಣಿವೆಯ ಒಂಬತ್ತು ಇಗರ್ಜಿಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿದವು. 2013ರಿಂದ ನಕಲಿನ ಬದಲು ಪ್ರೊಜೆಕ್ಟರ್ ಬಂದಿದೆ. ಬರೀ ಬೆಳಕಿನಲ್ಲಿ ಇಡೀ ಚಿತ್ರ ಗೆರೆಗೆರೆಯಾಗಿ ಗೋಡೆ ತುಂಬುತ್ತದೆ.

ಆ ನಕಲನ್ನು ಗೋಡೆಯಿಂದ ತೆಗೆದುಹಾಕುವಾಗ ಒಂದು ವಿಷಯ ಗೊತ್ತಾಯಿತು. ಇಟಲಿಯವರು ಎಲ್ಲವನ್ನೂ ಒಯ್ದಿರಲಿಲ್ಲ. ಅಸಲಿ ಬಣ್ಣದ ತುಣುಕುಗಳು ಅಲ್ಲೇ ಇದ್ದವು. ಬೈಬಲ್ ಕಥೆಯ ಕಾಯಿನ್ ತನ್ನ ತಮ್ಮ ಆಬೇಲನನ್ನು ಕೊಲ್ಲುವ ದೃಶ್ಯವೂ ಅದರಲ್ಲಿತ್ತು. ಅವನ್ನು ಮಾತ್ರ ಕೀಳದೆ, ಇದ್ದ ಜಾಗದಲ್ಲೇ ಉಳಿಸಿಕೊಂಡಿದ್ದಾರೆ.